ಮಕ್ಕಳ ಓದು: ರಾಜ್ಯಶಾಸ್ತ್ರ ಬೇಡವೆನ್ನುವ ಮುನ್ನ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರ ನಮ್ಮ ಮನೆಗಳಲ್ಲೆಲ್ಲ ಒಂದೇ ಚರ್ಚೆ: ಸೈನ್ಸೋ, ಕಾಮರ್ಸೋ? ಇದರ ನಡುವೆ ಮಗಳು ಮೆಲ್ಲಗೆ, "ಅಪ್ಪಾ, ನಾನು ಆರ್ಟ್ಸಿಗೆ ಸೇರಿ ರಾಜ್ಯಶಾಸ್ತ್ರ ಓದುತ್ತೇನೆ" ಎಂದಳೋ, ಮುಗಿಯಿತು. "ಅದನ್ನು ಓದಿ ಪುಢಾರಿಯಾಗುತ್ತೀಯಾ?" ಎಂದು ತಂದೆ, "ನಾಳೆ ಹೊಟ್ಟೆಪಾಡಿಗೇನು ಮಾಡುತ್ತೀಯೆ?" ಎಂದು ತಾಯಿ. ಊರು ಬಿಟ್ಟು ಬಂದು, ಬಾಡಿಗೆಯ ಖೋಲಿಯಲ್ಲಿ ಸಂಸಾರ ಹೂಡಿ, ಕಾಸಿಗೆ ಕಾಸು ಕೂಡಿಸಿದವರ ಈ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಪುಸ್ತಕವನ್ನು ಒಮ್ಮೆಯೂ ತೆರೆದು ನೋಡದೆ ಬೇಡವೆನ್ನುವುದು ನ್ಯಾಯವೂ ಅಲ್ಲ.

ಪಾಠಕ್ರಮ ಒಂದೊಂದು ಮಂಡಳಿಗೆ ಒಂದೊಂದು ಬಗೆ. ಸಿ.ಬಿ.ಎಸ್.ಇ. ಶಾಲೆಗಳಲ್ಲಿ ಇದುವರೆಗೆ ನಡೆದುಬಂದಂತೆ, ಹನ್ನೊಂದನೆಯ ತರಗತಿಗೆ ಭಾರತದ ಸಂವಿಧಾನ ಮತ್ತು ಸ್ವಾತಂತ್ರ್ಯ, ಸಮಾನತೆ, ನ್ಯಾಯಗಳ ವಿಚಾರ. ಹನ್ನೆರಡನೆಯದಕ್ಕೆ ಸ್ವಾತಂತ್ರ್ಯಾನಂತರದ ಭಾರತದ ರಾಜಕಾರಣ ಮತ್ತು ಇಂದಿನ ಜಗತ್ತು. ಲಿಖಿತ ಪರೀಕ್ಷೆಗೆ 80 ಅಂಕ, ಪ್ರಾಜೆಕ್ಟಿಗೆ 20.

ಈ ಪಾಠಗಳಲ್ಲಿ ಬೇರೆ ಯಾರೋ ಇಲ್ಲ, ನಾವೇ ಇದ್ದೇವೆ. 1953ರಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಏರ್ಪಟ್ಟಿತು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದ್ರಾಸು ಪ್ರಾಂತಗಳ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನೊಡನೆ ಕೂಡಿದವು. ಹಬ್ಬ ಮಾಡುವ ನಾವು ಒಂದು ಮಾತನ್ನು ಮರೆಯುತ್ತೇವೆ: ಗೆರೆ ಎಲ್ಲಿ ಎಳೆದರೂ ಅದರ ಆಚೆ ಕೆಲವರು ಉಳಿದೇ ಉಳಿಯುತ್ತಾರೆ. ಅಂಥವರಿಗಾಗಿ ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಇದಕ್ಕೂ ಮೊದಲೇ 29ನೆಯ ವಿಧಿ ನಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನೂ, 30ನೆಯ ವಿಧಿ ನಮ್ಮದೇ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನೂ ಕೊಟ್ಟಿದ್ದವು.

ಅಲ್ಪಸಂಖ್ಯಾತರು ಯಾರು? ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯ, ಅದನ್ನು ರಾಜ್ಯರಾಜ್ಯವಾಗಿ ಲೆಕ್ಕ ಹಾಕಬೇಕೆಂದಿತು. ಹಾಗಾಗಿ ಕಲಬುರಗಿಯಲ್ಲಿ ಮುಂಬಯಿ ಗಾಡಿ ಹತ್ತಿದ ಕನ್ನಡಿಗ ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಬಹುಸಂಖ್ಯಾತನಾಗಿದ್ದವನು ಅಲ್ಪಸಂಖ್ಯಾತನಾಗಿರುತ್ತಾನೆ! ಡಬ್ಬಿಯ ಬುತ್ತಿ ಅದೇ, ಬಾಯ ಮಾತು ಅದೇ. ಕಾನೂನಿನ ಕಣ್ಣಿಗೆ ಮಾತ್ರ ಅವನು ಬೇರೆ.

ಮಕ್ಕಳು ಕಡಿಮೆಯಾದರೆಂದು ಬಡಾವಣೆಯ ಕನ್ನಡ ಶಾಲೆ ಮುಚ್ಚುವ ಮಾತು ಎದ್ದಾಗ ಈ ತಿಳಿವಳಿಕೆಯ ಬೆಲೆ ಗೊತ್ತಾಗುತ್ತದೆ. ಸಂಘದ ಸಭೆಯಲ್ಲಿ "ಅನ್ಯಾಯ, ಅನ್ಯಾಯ" ಎಂದು ಮರುಗಿ ಚಹಾ ಕುಡಿದು ಮನೆಗೆ ಬರುವುದು ಒಂದು ಬಗೆ. ವಿಧಿಯನ್ನು ಓದಿ, ಅದರಲ್ಲಿ "ಪ್ರಯತ್ನಿಸಬೇಕು" ಎಂದಷ್ಟೇ ಇದೆ, "ಕೊಡಲೇಬೇಕು" ಎಂದಿಲ್ಲ ಎಂಬುದನ್ನು ಗಮನಿಸಿ, ಮಾಡಿದ ಪ್ರಯತ್ನವೇನೆಂದು ಕೇಳಿ ಅರ್ಜಿ ಬರೆಯುವುದು ಇನ್ನೊಂದು ಬಗೆ. ಈ ಎರಡನೆಯ ಕೆಲಸಕ್ಕೆ ನಮ್ಮ ಸಂಘಗಳಲ್ಲಿ ಜನ ಬೇಕು. ಅವರು ಬರಬೇಕಾದುದು ನಮ್ಮ ಮನೆಗಳಿಂದಲೇ.

ಇನ್ನೊಂದು ನಿದರ್ಶನ ನೋಡಿ. 1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು ವಿಧಾನಸಭೆಯಲ್ಲಿ ಬಲ ತೋರಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿ ಎಂದು 1994ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಸಾರಿತು. ಯಾವ ರಾಜ್ಯದಲ್ಲಿ ಸರಕಾರ ಅಲುಗಾಡಿದರೂ ಇಂದು ಬೊಮ್ಮಾಯಿಯವರ ಹೆಸರು ಕೇಳಿಬರುವುದು ಈ ಕಾರಣಕ್ಕೆ.

ಹೊಟ್ಟೆಪಾಡಿನ ಮಾತಿಗೆ ಬರೋಣ. ವಕೀಲಿಕೆ, ಪತ್ರಿಕೋದ್ಯಮ, ಅಧ್ಯಾಪನ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗಳು, ಎಲ್ಲಕ್ಕೂ ಈ ಓದು ಒದಗುತ್ತದೆ. ಇಂಜಿನಿಯರಿಂಗ್ ಸೀಟು ಮಾತ್ರ ಇದರಿಂದ ಸಿಗದು, ಅದನ್ನು ಮುಚ್ಚಿಡುವುದೇಕೆ? ಗಣಿತದಲ್ಲಿ ಮನಸ್ಸಿರುವ ಮಗುವನ್ನು ಇತ್ತ ಎಳೆಯುವುದು ಬೇಡ. ಇದರಲ್ಲಿ ಮನಸ್ಸಿರುವ ಮಗುವನ್ನು ಅತ್ತ ನೂಕುವುದೂ ಬೇಡ.

ಸೇರಿದ ಮೇಲೆ ಬಾಯಿಪಾಠಕ್ಕೆ ಬಿಡಬೇಡಿ. ಗೈಡು ಉರು ಹೊಡೆದವನಿಗೆ ವಿಧಿಯ ಸಂಖ್ಯೆ ನೆನಪಿರುತ್ತದೆ, ಅದರ ಅರ್ಥ ಇರುವುದಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಆ ದಿನದ ಒಂದು ಸುದ್ದಿ ಎತ್ತಿಕೊಂಡು, "ಇದರ ಅಧಿಕಾರ ಯಾರದು? ಕೇಂದ್ರದ್ದೋ, ರಾಜ್ಯದ್ದೋ, ಕಾರ್ಪೊರೇಶನ್ನಿನದ್ದೋ?" ಎಂದು ಕೇಳಿ. ಉತ್ತರ ನಿಮಗೂ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಿ.

ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಎಂದರೆ, ಹನ್ನೆರಡನೆಯ ತರಗತಿ ಮುಗಿಸುವ ಹೊತ್ತಿಗೆ ನಿಮ್ಮ ಮಗಳು ಮತದಾರಳಾಗುವ ಹೊಸ್ತಿಲಲ್ಲಿರುತ್ತಾಳೆ. ಬೇರೆ ವಿಷಯಗಳ ಪರೀಕ್ಷೆ ಮಾರ್ಚಿಗೆ ಮುಗಿಯುತ್ತದೆ; ಈ ವಿಷಯದ ಪರೀಕ್ಷೆ ಅಲ್ಲಿಂದ ಮೊದಲಾಗುತ್ತದೆ.