ಚುನಾವಣೆ ಬಂದರೆ ಸರ್ಕಾರಿ ನೌಕರ, ಪಿಂಚಣಿ ಕೇಳಿದರೆ ಸಂಸ್ಥೆಯ ನೌಕರ

ನನಗೆ ಗಣಿತ ಕಲಿಸಿದ ಸರ್ ಕಳೆದ ವರ್ಷ ನಿವೃತ್ತರಾದರು. ಬೈಲಹೊಂಗಲ ಸೀಮೆಯ ಒಂದು ಅನುದಾನಿತ ಹೈಸ್ಕೂಲು. ಶಾಲು, ಹಾರ, ಫಲಪುಷ್ಪ ಎಲ್ಲ ಆಯಿತು. ಹಳೆ ವಿದ್ಯಾರ್ಥಿಗಳು ಸೇರಿ ಒಂದು ಗೋಡೆ ಗಡಿಯಾರ ಕೊಟ್ಟೆವು. ಊಟಕ್ಕೆ ಪಂಕ್ತಿಯಲ್ಲಿ ಅವರ ಪಕ್ಕ ಕೂತವನು ಸುಮ್ಮನೆ ಮಾತಿಗೆ ಕೇಳಿದೆ: "ಸರ್, ಪಿಂಚಣಿ ಎಷ್ಟ ಬರತೈತ್ರಿ?"

"ಸೊನ್ನಿ ತಮ್ಮಾ," ಅಂದರು.

ಚಾಷ್ಟಿ ಮಾಡ್ತಾರ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಸರ್ 1993ರಲ್ಲಿ ಆ ಶಾಲೆ ಸೇರಿದವರು. ಆಗ ಅನುದಾನ ಇರಲಿಲ್ಲ, ಊರವರೇ ಕಟ್ಟಿದ ಸಂಸ್ಥೆ ಕೊಟ್ಟಷ್ಟೇ ಪಗಾರ. ಶಾಲೆ ಅನುದಾನಕ್ಕೆ ಒಳಪಟ್ಟಿದ್ದು 2008ರಲ್ಲಿ. ಅಂದರೆ 2006ರ ಏಪ್ರಿಲ್ 1 ದಾಟಿದ ಮೇಲೆ. ಈ ತಾರೀಖನ್ನು ನೆನಪಿಡಿ. ಕರ್ನಾಟಕದಲ್ಲಿ ಅಂದಿನಿಂದ ನೌಕರಿಗೆ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ. ಹಳೆ ಪಿಂಚಣಿಯಲ್ಲಿ ಪೂರ್ಣ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ತಾವು ಹೋದ ಮೇಲೆ ಮನೆಯವರಿಗೆ ಕುಟುಂಬ ಪಿಂಚಣಿ ಇರುತ್ತಿತ್ತು. ಅದರ ಬದಲು ಬಂದದ್ದು ಎನ್‌ಪಿಎಸ್. ನೌಕರನ ಪಗಾರದಿಂದ ಶೇ 10 ಕಡಿತ, ಸರ್ಕಾರದಿಂದ ಮೊದಲು ಶೇ 10, ಈಗ ಶೇ 14. ಆ ದುಡ್ಡು ಮಾರುಕಟ್ಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಶೇ 60ರವರೆಗೆ ಕೈಗೆ, ಉಳಿದ ಶೇ 40ರಲ್ಲಿ ವಿಮಾ ಕಂಪನಿಯಿಂದ ಪಿಂಚಣಿ ಕೊಳ್ಳಬೇಕು.

ಲೆಕ್ಕ ಹಾಕಿ ನೋಡಿ. ಒಬ್ಬರ ಖಾತೆಯಲ್ಲಿ 30 ಲಕ್ಷ ಕೂಡಿದೆ ಅನ್ನೋಣ. ಅದರ ಶೇ 40 ಅಂದರೆ 12 ಲಕ್ಷ. ವರ್ಷಕ್ಕೆ ಶೇ 6ರ ದರ ಸಿಕ್ಕರೆ 72 ಸಾವಿರ, ತಿಂಗಳಿಗೆ 6 ಸಾವಿರ. ಎಣ್ಣೆ, ಬೇಳೆ, ಬಿಪಿ ಗುಳಿಗೆ ಎಷ್ಟೇ ತುಟ್ಟಿಯಾಗಲಿ, ಅದರ ಮೇಲೆ ತುಟ್ಟಿಭತ್ಯೆ ಬರುವುದಿಲ್ಲ. ಅದಕ್ಕೇ ನೌಕರರು ಬೀದಿಗೆ ಇಳಿದದ್ದು.

ಆದರೆ ನನ್ನ ಸರ್‌ಗೆ ಆ 6 ಸಾವಿರವೂ ಇಲ್ಲ. ಅನುದಾನಿತ ಶಾಲೆಗಳ ವಿಷಯದಲ್ಲಿ ಸರ್ಕಾರ ಹೇಳಿದ್ದೇನು ಗೊತ್ತೇ? ಪಗಾರ ನಾವು ಕೊಡುತ್ತೇವೆ, ಎನ್‌ಪಿಎಸ್‌ನ ಮಾಲೀಕನ ವಂತಿಗೆ ಮಾತ್ರ ಆಡಳಿತ ಮಂಡಳಿ ಕಟ್ಟಲಿ. ಯಾವ ಆಡಳಿತ ಮಂಡಳಿ? ನಮ್ಮ ಕಡೆಯ ಹಳ್ಳಿ ಹೈಸ್ಕೂಲುಗಳ ಮಂಡಳಿ ಅಂದರೆ ಊರಿನ ಐದಾರು ಹಿರಿಯರು, ಒಂದು ಹಳೆ ಕಟ್ಟಡ, ಮಳೆಗಾಲದಲ್ಲಿ ಸೋರುವ ಎರಡು ಖೋಲಿ. ಮಕ್ಕಳಿಂದ ಫೀ ಎತ್ತುವ ಹಾಗಿಲ್ಲ. ಅವರು ಪ್ರತಿ ತಿಂಗಳು ಪ್ರತಿ ಮಾಸ್ತರಿಗೆ ಐದಾರು ಸಾವಿರ ಎಲ್ಲಿಂದ ತರಬೇಕು? ಮಂಡಳಿ ಕಟ್ಟಲಿಲ್ಲ. ಸರ್ ಹೆಸರಿನಲ್ಲಿ ಖಾತೆಯೇ ತೆರೆಯಲಿಲ್ಲ. ಸೊನ್ನೆ ಬಂದದ್ದು ಹೀಗೆ.

ಇನ್ನು 1993ರಿಂದ 2008ರವರೆಗಿನ ಹದಿನೈದು ವರ್ಷ? ಅನುದಾನಕ್ಕೆ ಮೊದಲಿನ ಸೇವೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ 2014ರಲ್ಲಿ ಕಾಯ್ದೆಯನ್ನೇ ಮಾಡಿಟ್ಟಿದ್ದಾರೆ.

ಇದೇ ಸರ್ ಲೋಕಸಭೆ, ವಿಧಾನಸಭೆ, ಪಂಚಾಯ್ತಿ ಅಂತ ಪ್ರತಿ ಚುನಾವಣೆಗೂ ಮತಯಂತ್ರದ ಪೆಟ್ಟಿಗೆ ಹೊತ್ತು ಹೋದವರು. ಹೋಗದಿದ್ದರೆ ನೋಟಿಸು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಸಮೀಕ್ಷೆ ಯಾವುದಕ್ಕೂ ನೀವು ಸಂಸ್ಥೆಯವರು, ಮನೆಯಲ್ಲಿರಿ ಅಂತ ಯಾರೂ ಹೇಳಲಿಲ್ಲ. ದುಡಿಸಿಕೊಳ್ಳುವಾಗ ಸರ್ಕಾರದ ಆಳು, ಕೈಬಿಡುವಾಗ ಊರ ಸಂಸ್ಥೆಯ ಆಳು. ಇದು ಯಾವ ನ್ಯಾಯದ ಲೆಕ್ಕ?

ಈಗ ನೀವು ಹೇಳುವ ಮಾತು ನನಗೆ ಗೊತ್ತು. ಕಟ್ಟೆಯ ಮೇಲೆ ದಿನಾ ಕೇಳಿದ್ದೇನೆ. "ಮಾಸ್ತರಿಗೇನೋ ತಮ್ಮಾ, ಬಿಸಿಲಿಲ್ಲ ಮಳಿಯಿಲ್ಲ, ತಿಂಗಳಾದ್ರ ಪಗಾರ. ನಾವು ಸೋಯಾ ಬಿತ್ತಿ ಬೀಜದ ರೊಕ್ಕನೂ ಬರ್ಲಾರ್ದ ಕುಂತೇವಿ. ನಮಗ್ಯಾರ ಕೊಡ್ತಾರ ಪಿಂಚಣಿ?" ಸುಳ್ಳಲ್ಲ ಕಾಕಾ. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ಬರುವುದು ತಿಂಗಳಿಗೆ 1,200 ರೂಪಾಯಿ. ಅದೂ ಆಧಾರ್ ಹೊಂದಲಿಲ್ಲ ಅಂತ ನಿಂತರೆ ನಾಡಕಚೇರಿಗೆ ನಾಲ್ಕು ಸಲ ತಿರುಗಬೇಕು. ಆ 1,200 ಹೆಚ್ಚಾಗಬೇಕು ಅಂತ ನೀವು ಕೂಗಿದರೆ ನಾನೂ ನಿಮ್ಮ ಜೊತೆ ಬರುತ್ತೇನೆ. ಆದರೆ ಮಾಸ್ತರಿಗೆ ಸೊನ್ನೆ ಆಯಿತು ಅಂತ ನಿಮ್ಮ 1,200ಕ್ಕೆ ಒಂದು ರೂಪಾಯಿ ಕೂಡಿತೇನು? 2006ರಿಂದ ಇಲ್ಲಿಯವರೆಗೆ ಕೂಡಲಿಲ್ಲ.

ಹಾಗಾದರೆ ಖಜಾನೆಯಲ್ಲಿ ರೊಕ್ಕವೇ ಇಲ್ಲವೇ? 2025ರ ಮಾರ್ಚ್ 21 ನೆನಪಿದೆಯಾ? ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಗದ್ದಲ, ಕಾಗದ ಹರಿದು ಎಸೆದದ್ದು, 18 ಜನ ಬಿಜೆಪಿ ಶಾಸಕರ ಅಮಾನತು. ಟಿವಿಯಲ್ಲಿ ಅದನ್ನೇ ನೋಡಿದೆವು. ಅದೇ ಗದ್ದಲದಲ್ಲಿ ಶಾಸಕರ ವೇತನ, ಪಿಂಚಣಿ ಹೆಚ್ಚಿಸುವ ಮಸೂದೆಯೂ ಪಾಸಾಯಿತು. ಮಾಜಿ ಶಾಸಕರ ಪಿಂಚಣಿ ತಿಂಗಳಿಗೆ 50 ಸಾವಿರದಿಂದ 75 ಸಾವಿರ. ಚರ್ಚೆಯೇ ಇಲ್ಲ. ಇವರ ಪಿಂಚಣಿ ಶೇರು ಮಾರುಕಟ್ಟೆಗೆ ಕಟ್ಟಿಲ್ಲ. ಒಮ್ಮೆ ಗೆದ್ದು ಬಂದವರಿಗೂ ಉಂಟು.

ಮಾಸ್ತರರ ವಿಷಯಕ್ಕೆ ಬಂದರೆ ಸಮಿತಿ. 2022ರ ಅಕ್ಟೋಬರಿನಲ್ಲಿ ಅನುದಾನಿತ ಶಾಲಾ ಕಾಲೇಜುಗಳ ಪಿಂಚಣಿ ವಂಚಿತ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ನೂರು ದಿನ ದಾಟಿತು. ಕೂತವರಲ್ಲಿ ನಮ್ಮ ಕಡೆಯವರೂ ಇದ್ದರು. ಸಚಿವರು ಬಂದರು, ಮನವಿ ತಗೊಂಡರು, ಹೋದರು.

ಇಲ್ಲಿ ಸರ್ಕಾರಿ ನೌಕರರ ಸಂಘಟನೆಗಳಿಗೂ ಒಂದು ಮಾತು ಹೇಳಬೇಕು, ಬೇಜಾರಾದರೂ ಆಗಲಿ. 2023ರ ಮಾರ್ಚ್ 1ರಂದು ನೀವು ಮುಷ್ಕರ ಮಾಡಿದಾಗ ಇಡೀ ರಾಜ್ಯ ನಿಂತಿತು. ಅದೇ ದಿನ ಶೇ 17 ಮಧ್ಯಂತರ ಪರಿಹಾರದ ಆದೇಶ ಕೈಗೆ ಬಂತು, ಎನ್‌ಪಿಎಸ್‌ಗೆ ಸಮಿತಿ ಅಂದರು, ಮುಷ್ಕರ ವಾಪಸ್. ಒಂದೇ ದಿನದಲ್ಲಿ ಸರ್ಕಾರವನ್ನು ಬಗ್ಗಿಸುವ ಶಕ್ತಿ ನಿಮಗಿದೆ. ನೂರು ದಿನ ಕೂತವರ ಕಡೆ ಆ ಶಕ್ತಿ ಯಾಕೆ ತಿರುಗಲಿಲ್ಲ? ನಿಮ್ಮದೇ ಶಾಲೆಯಲ್ಲಿ ಅಡುಗೆ ಮಾಡುವ ಬಿಸಿಯೂಟದ ಅಕ್ಕ ಹತ್ತು ಹದಿನೈದು ವರ್ಷ ಹೊಗೆ ಕುಡಿದು ಅರವತ್ತಕ್ಕೆ ಮನೆಗೆ ಹೋಗುವಾಗ ನಿಮ್ಮ ಬೇಡಿಕೆ ಪಟ್ಟಿಯಲ್ಲಿ ಅವಳ ಹೆಸರು ಎಷ್ಟನೇ ನಂಬರು? ಅಂಗನವಾಡಿಯವರಿಗೆ ಗ್ರಾಚ್ಯುಟಿ ಹಕ್ಕು ಅಂತ ಹೇಳಿಸಿದ್ದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು. ಗುಜರಾತಿನ ಅಂಗನವಾಡಿ ಹೆಣ್ಣುಮಕ್ಕಳು ಹೂಡಿದ ಕೇಸಿನಿಂದ. ನಮ್ಮ ಸಂಘಗಳಿಂದಲ್ಲ.

ಹಳೆ ಪಿಂಚಣಿಯನ್ನು ಎಲ್ಲರಿಗೂ ತರಬೇಕೋ ಬೇಡವೋ ಅನ್ನುವುದು ದೊಡ್ಡ ಜಗಳ. ರಾಜಸ್ಥಾನ 2022ರಲ್ಲಿ ತಂದಿತು, ಹಿಮಾಚಲ ಪ್ರದೇಶ 2023ರಲ್ಲಿ ತಂದಿತು. ಕೇಂದ್ರ 2025ರ ಏಪ್ರಿಲ್‌ನಿಂದ ಯುಪಿಎಸ್ ಅಂತ ನಡುದಾರಿ ಹಿಡಿದಿದೆ. ಖರ್ಚು ಇದೆ, ಸುಳ್ಳು ಹೇಳಬಾರದು. ಹಳಬರ ಪಿಂಚಣಿಯೂ ಬಜೆಟ್ಟಿನಿಂದಲೇ, ಹೊಸಬರ ಶೇ 14 ಕೂಡ ಬಜೆಟ್ಟಿನಿಂದಲೇ ಹೋಗುತ್ತಿರುವಾಗ ಖಜಾನೆಗೆ ಎರಡೂ ಕಡೆಯ ಎಳೆತ. ಆ ಜಗಳ ನಡೆಯಲಿ. ಆದರೆ ಅನುದಾನಿತ ಶಾಲೆಯವರು ಕೇಳುವುದರಲ್ಲಿ ಕನಿಷ್ಠ ಪಾಲು ಅದಲ್ಲ. ಪಕ್ಕದ ಸರ್ಕಾರಿ ಶಾಲೆಯ ಮಾಸ್ತರಿಗೆ ಕಟ್ಟುವ ಶೇ 14 ನಮಗೂ ಕಟ್ಟಿ, ಅಷ್ಟೇ. 50 ಸಾವಿರ ಪಗಾರದವರಿಗೆ ಅದು ತಿಂಗಳಿಗೆ 7 ಸಾವಿರ. ಒಬ್ಬ ಮಾಜಿ ಶಾಸಕರ ಒಂದು ತಿಂಗಳ ಪಿಂಚಣಿಯಲ್ಲಿ ಹತ್ತು ಮಾಸ್ತರರ ವಂತಿಗೆ ಕಟ್ಟಿ ಇನ್ನೂ 5 ಸಾವಿರ ಉಳಿಯುತ್ತದೆ.

ಕಾನೂನು, ತಾರೀಖು ಅಂತ ನೆಪ ಹೇಳಿದರೆ ಅದಕ್ಕೂ ಉತ್ತರ ಇದೆ. 2024ರ ಜನವರಿಯಲ್ಲಿ ಇದೇ ಸರ್ಕಾರ, 2006ರ ಏಪ್ರಿಲ್‌ಗೆ ಮೊದಲು ಅಧಿಸೂಚನೆಯಾಗಿ ಆಮೇಲೆ ನೌಕರಿಗೆ ಸೇರಿದ ಸುಮಾರು 13 ಸಾವಿರ ಮಂದಿಗೆ ಹಳೆ ಪಿಂಚಣಿಯ ಬಾಗಿಲು ತೆರೆಯಿತು. ಒಳ್ಳೆಯ ಕೆಲಸ. ಗೆರೆಯನ್ನು ಸರಿಸಬಹುದು ಅಂತಾಯಿತಲ್ಲ? 2006ರಲ್ಲೇ ಯೋಜನೆ ಅಂದವರು ಪಗಾರದಿಂದ ಕಡಿತ ಶುರುಮಾಡಿದ್ದು 2010ರಲ್ಲಿ. ನಾಲ್ಕು ವರ್ಷ ತಡವಾದರೂ ಅವರ ತಾರೀಖು ನಡೆಯಿತು. 1993ರಿಂದ ಸುಣ್ಣದ ಕಡ್ಡಿ ಹಿಡಿದವರದ್ದು ಮಾತ್ರ ನಡೆಯುವುದಿಲ್ಲ.

ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ನಮ್ಮ ಬೆಳಗಾವಿಯಲ್ಲೇ ಆಗುತ್ತದೆ. ಬೈಲಹೊಂಗಲದಿಂದ ಸುವರ್ಣಸೌಧಕ್ಕೆ ಒಂದೇ ಬಸ್ಸಿನ ದಾರಿ. ಪ್ರತಿಭಟನೆಯ ಟೆಂಟ್‌ಗಳ ಮುಂದೆ ಶಾಸಕರ ಕಾರು ಹಾದುಹೋಗುತ್ತದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಶಾಸಕರೆಲ್ಲ ಯಾವುದೋ ಮಾಸ್ತರರ ಕೈಯಲ್ಲಿ ಕಲಿತವರೇ. ನಿಮ್ಮೂರಿಗೆ ಗುದ್ದಲಿಪೂಜೆಗೆ ಬಂದಾಗ ಇಷ್ಟು ಕೇಳಿ: ನಮ್ಮ ತಾಲೂಕಿನಲ್ಲಿ 2006ರ ನಂತರ ಅನುದಾನಕ್ಕೆ ಬಂದ ಮಾಸ್ತರರು, ಜವಾನರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಗೆ ಎನ್‌ಪಿಎಸ್ ಖಾತೆ ಇದೆ? ಸರ್ಕಾರದ ಪಾಲು ಯಾವ ತಿಂಗಳಿನಿಂದ ಕಟ್ಟುತ್ತೀರಿ?

ಸರ್ ಈಗ ಮನೆಯ ಪಡಸಾಲೆಯಲ್ಲಿ ಟ್ಯೂಷನ್ ಹೇಳುತ್ತಾರೆ, ಎಂಟು ಹತ್ತು ಹುಡುಗರು. ನಾವು ಕೊಟ್ಟ ಗಡಿಯಾರ ಅಲ್ಲೇ ಗೋಡೆಯ ಮೇಲಿದೆ.