ಜೌಗು ಪ್ರದೇಶಗಳ ಪಕ್ಷಿ ಗಣತಿ: ಅಧ್ಯಯನ ವಿಧಾನ ಹಾಗೂ ಅನುಮತಿ

ರಂಗನತಿಟ್ಟು ಪಕ್ಷಿಧಾಮವು 2022ರಲ್ಲಿಯೂ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಪ್ರದೇಶಗಳು 2024ರಲ್ಲಿಯೂ ರಾಮ್‌ಸಾರ್ ಪಟ್ಟಿಗೆ ಸೇರ್ಪಡೆಗೊಂಡಿರುತ್ತವೆ. 2024ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು 2.25 ಹೆಕ್ಟೇರ್ ಮೀರಿದ ಜೌಗು ಪ್ರದೇಶಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ ಗಡಿ ಗುರುತಿಸಲು ರಾಜ್ಯಗಳಿಗೆ ನಿರ್ದೇಶನ ನೀಡಿತು. ಉಪಗ್ರಹ ಚಿತ್ರಗಳನ್ನು ಆಧರಿಸಿದ 2021ರ ಅಟ್ಲಾಸ್‌ನಂತೆ ದೇಶದಲ್ಲಿ ಇವುಗಳ ಸಂಖ್ಯೆ 2,31,195.

ಸ್ಥಳ ಪರಿಶೀಲನೆ ಏಕೆಂದರೆ, ಅಂತರಗಂಗೆ ಮುಚ್ಚಿದ ಕೆರೆಯು ಉಪಗ್ರಹ ಚಿತ್ರದಲ್ಲಿ ಹಸಿರು ನೆಲದಂತೆ ತೋರಬಹುದು. ಮೇಲಾಗಿ, 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯು ನೀರಾವರಿಗೆಂದೇ ನಿರ್ಮಿಸಿದ ಜಲಕಾಯಗಳನ್ನು ಹೊರಗಿಡುತ್ತದೆ. ಕರ್ನಾಟಕದ ಕೆರೆಗಳಲ್ಲಿ ಬಹುಪಾಲು ಈ ಬಗೆಯವೇ ಆಗಿರುವುದರಿಂದ, ಅಲ್ಲಿ ಹಕ್ಕಿಗಳಿವೆ ಎಂಬುದಕ್ಕೆ ವರ್ಷಾನುವರ್ಷದ ಕ್ಷೇತ್ರ ದಾಖಲೆಯೇ ಮುಖ್ಯ ಆಧಾರವಾಗುತ್ತದೆ.

ಏಷ್ಯಾ ಜಲಪಕ್ಷಿ ಗಣತಿಯು 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ದೊಡ್ಡ ಹಿಂಡಿನಲ್ಲಿ ಮೊದಲು ಐವತ್ತು ಅಥವಾ ನೂರು ಹಕ್ಕಿಗಳ ಗುಂಪನ್ನು ಎಣಿಸಿ, ಅಂತಹ ಗುಂಪುಗಳೆಷ್ಟು ಎಂದು ಅಂದಾಜಿಸಲಾಗುತ್ತದೆ. ಅಳಿವೆಯಲ್ಲಿ ಇಳಿತದ ವೇಳೆ ಹಕ್ಕಿಗಳು ಕೆಸರು ಬಯಲಿನುದ್ದಕ್ಕೂ ಚದುರುವುದರಿಂದ, ಭರತದ ವೇಳೆ ಅವು ಒಂದೆಡೆ ಸೇರಿದಾಗ ಎಣಿಸುವುದು ಸೂಕ್ತ. ಪ್ರತಿ ವರ್ಷ ಅದೇ ಸ್ಥಳ, ಅದೇ ವೇಳೆ ಪಾಲಿಸತಕ್ಕದ್ದು. ಒಂದೂ ಹಕ್ಕಿ ಕಾಣದಿದ್ದರೆ ಸೊನ್ನೆಯನ್ನೇ ದಾಖಲಿಸತಕ್ಕದ್ದು. ನಮೂನೆಯ ಕಲಂ ಖಾಲಿ ಬಿಟ್ಟಲ್ಲಿ ಹಕ್ಕಿ ಇರಲಿಲ್ಲವೋ, ಎಣಿಸಿದವರೇ ಇರಲಿಲ್ಲವೋ ತಿಳಿಯದು.

ಆದರೆ ಜನವರಿಯ ಗಣತಿಯು ಎಲ್ಲೆಡೆಗೂ ಸಾಲದು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವುದರಿಂದ ಅಲ್ಲಿಗೆ ಅದು ಹೊಂದುತ್ತದೆ. ರಂಗನತಿಟ್ಟು ಗೂಡು ಕಟ್ಟುವ ತಾಣ. ಕೃಷ್ಣರಾಜಸಾಗರದಿಂದ ಅಧಿಕ ನೀರು ಹರಿದಾಗ ಅಲ್ಲಿನ ನಡುಗಡ್ಡೆಗಳು ಜಲಾವೃತಗೊಳ್ಳುತ್ತವೆ. 2019ರ ಆಗಸ್ಟ್‌ನಲ್ಲಿಯೂ ಹೀಗಾಗಿತ್ತು. ಆಗ ನಾಶವಾಗುವ ಗೂಡುಗಳು ಜನವರಿಯ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ದಿನದ ದಾಸ್ತಾನು ಎಣಿಕೆಯಿಂದ ಅಂಗಡಿಯ ವರ್ಷದ ಲಾಭನಷ್ಟ ಬರೆಯಲಾದೀತೆ? ಹಕ್ಕಿಗಳ ಸಂಖ್ಯೆಯ ಜೊತೆಗೆ ಅದೇ ದಿನದ ನೀರಿನ ಮಟ್ಟ, ಜಲಸಸ್ಯಗಳ ಹರವು ಮತ್ತು ಗೂಡುಗಳ ಎಣಿಕೆಯೂ ಇದ್ದಲ್ಲಿ ಮಾತ್ರ, ಹಕ್ಕಿ ಕಡಿಮೆಯಾದದ್ದು ನೀರು ಬತ್ತಿದ್ದರಿಂದಲೋ ಅಥವಾ ಹೂಳು, ಒತ್ತುವರಿಗಳಿಂದಲೋ ಎಂದು ನಿರ್ಧರಿಸಬಹುದು.

ಅಭಯಾರಣ್ಯದೊಳಗೆ ಸಂಶೋಧನೆ ಕೈಗೊಳ್ಳಲು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಪ್ರಕರಣ 28ರ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ. ಹಕ್ಕಿಯನ್ನು ಹಿಡಿದು ಕಾಲುಂಗುರ ತೊಡಿಸುವುದಾದಲ್ಲಿ ಪ್ರಕರಣ 12ರನ್ವಯ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು. ಅನುಸೂಚಿ 1ರ ಪ್ರಭೇದಗಳಿಗೆ ಕೇಂದ್ರ ಸರ್ಕಾರದ ಪೂರ್ವಾನುಮತಿಯೂ ಬೇಕಾಗುತ್ತದೆ. ಗೂಡುಗಳ ಅಧ್ಯಯನ ಉದ್ದೇಶಿಸಿರುವ ಅರ್ಜಿದಾರರು ಜನವರಿಯನ್ನಷ್ಟೇ ಅಲ್ಲದೆ ಮಳೆಗಾಲದ ತಿಂಗಳುಗಳನ್ನೂ ಮೊದಲ ಅರ್ಜಿಯಲ್ಲಿಯೇ ನಮೂದಿಸುವುದು ಯುಕ್ತ.