ತೊಗಲಿನ ಅಂಗಿ ಮತ್ತು ಶ್ರಾವಕನ ವಿವೇಕ

ಅಹಿಂಸೆಯ ಪಾಲನೆಯನ್ನು ನಾವು ಬಹುಮಟ್ಟಿಗೆ ಅಡುಗೆಮನೆಗೇ ಸೀಮಿತಗೊಳಿಸಿದ್ದೇವೆ. ನೀರನ್ನು ಸೋಸುತ್ತೇವೆ, ರಾತ್ರಿಭೋಜನವನ್ನು ತ್ಯಜಿಸುತ್ತೇವೆ, ಕಂದಮೂಲಗಳನ್ನು ವರ್ಜಿಸುತ್ತೇವೆ. ಉಡುವ ತೊಡುವ ವಸ್ತುಗಳ ವಿಷಯದಲ್ಲಿ ಮಾತ್ರ ಈ ಎಚ್ಚರ ಸಡಿಲಗೊಳ್ಳುತ್ತದೆ. ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಗಳ ಯುವಕರು ಈಗ ವಾರಾಂತ್ಯದಲ್ಲಿ ಬೈಕ್ ಏರಿ ತುಮಕೂರು ರಸ್ತೆ ಹಿಡಿಯುತ್ತಾರೆ. ಚರ್ಮದ ಜಾಕೆಟ್ ಮತ್ತು ಬೂಟು ಜೀವ ಉಳಿಸುತ್ತವೆ ಎಂದಾದರೆ ಜೈನನು ಅವನ್ನು ತೊಡಬಾರದೇಕೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ಗದರಿಸಿ ಮುಚ್ಚುವುದು ಸಲ್ಲದು.

ಆ ಉಡುಪಿನ ಹಿರಿಮೆಯನ್ನು ಮೊದಲು ಒಪ್ಪೋಣ. ಶಾಟ್ ಸೋದರರು 1913ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಸಂಸ್ಥೆ 1928ರಲ್ಲಿ ಬೈಕ್ ಸವಾರರಿಗೆಂದೇ 'ಪರ್ಫೆಕ್ಟೊ' ಜಾಕೆಟನ್ನು ರೂಪಿಸಿತು. ಅದರ ಓರೆ ಜಿಪ್ ಗಾಳಿಯನ್ನು ತಡೆಯುತ್ತದೆ. ಸವಾರ ಬಿದ್ದಾಗ ಅವನ ಮೈಗಿಂತ ಮೊದಲು ದಪ್ಪ ಚರ್ಮ ಸವೆಯುತ್ತದೆ. ಆ ಕುಟುಂಬ ಇಂದಿಗೂ ಅದನ್ನು ತಯಾರಿಸುತ್ತಿದೆ. ಒಂದು ಜಾಕೆಟ್ ದಶಕಗಳ ಕಾಲ ಬಾಳುತ್ತದೆ. ಅಪರಿಗ್ರಹದ ದೃಷ್ಟಿಯಿಂದ ಈ ಬಾಳಿಕೆಯೂ ಗೌರವಾರ್ಹವೇ.

ಆದರೆ ಆ ಬಾಳಿಕೆಗೆ ಬೆಲೆ ತೆತ್ತವರು ಯಾರು? ಮಾಂಸಕ್ಕಾಗಿ ಕೊಂದ ಪ್ರಾಣಿಯ ತೊಗಲು ಹೇಗೂ ಉಳಿಯುತ್ತದೆ, ನಾವು ಕೊಂದಿಲ್ಲವಲ್ಲ ಎಂಬುದು ಸಾಮಾನ್ಯ ಸಮರ್ಥನೆ. ನಮ್ಮ ಆಚಾರ್ಯರು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸಿದ್ದಾರೆ. ತೊಗಲಿಗೆ ಸಿಗುವ ಹಣವೂ ವಧೆಯ ಲಾಭದ ಒಂದು ಭಾಗ. ಕೊಳ್ಳುವವನ ಕೈ ಅದರಿಂದ ಪೂರ್ತಿ ದೂರವಿಲ್ಲ. ದಿಗಂಬರ ಮುನಿಗಳ ಪಿಂಛಿಯನ್ನು ನೋಡಿರಿ. ಅದೂ ಜೀವಿಯಿಂದ ಬಂದದ್ದೇ. ಆದರೆ ನವಿಲು ತಾನಾಗಿ ಉದುರಿಸಿದ ಗರಿ. ಜೀವಿ ಬಿಟ್ಟುಕೊಟ್ಟದ್ದಕ್ಕೂ ಜೀವಿಯಿಂದ ಕಿತ್ತುಕೊಂಡದ್ದಕ್ಕೂ ಇರುವ ಅಂತರ ಇದೇ.

ಹಾಗಾದರೆ ಕೃತಕ ಚರ್ಮ? ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಜನೂ ಅವನ ತಾಯಿಯೂ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಫಲವನ್ನು ಭವಭವಗಳಲ್ಲಿ ಉಣ್ಣಬೇಕಾಯಿತು. ಮೈ ಕಾಯಲೆಂದು ಕೃತಕ ಚರ್ಮ ತೊಡುವವನ ಸಂಕಲ್ಪ ಬೇರೆ. ಅದನ್ನು ಈ ಕಥೆಯೊಂದಿಗೆ ತೂಗಲಾಗದು. ಆದರೆ ತೊಗಲು ತೊಟ್ಟ ಠೀವಿಯೇ ಬೇಕೆಂದು ನಕಲನ್ನು ಬಯಸುವವನು ತನ್ನ ಮನಸ್ಸನ್ನು ಒಮ್ಮೆ ಪರೀಕ್ಷಿಸಿಕೊಳ್ಳಲಿ. ಬೇಗ ಬಿರಿದು ಕಸ ಸೇರುವ ಅಗ್ಗದ ಪ್ಲಾಸ್ಟಿಕ್ ಹೊದಿಕೆ ಮಣ್ಣಿನ, ನೀರಿನ ಜೀವಗಳಿಗೂ ಹಿತವಲ್ಲ.

ರೇಸ್ ಪಥದಲ್ಲಿ ಚರ್ಮಕ್ಕೆ ಇಂದಿಗೂ ಮನ್ನಣೆಯಿದೆ, ನಿಜ. ಆದರೆ ಸಾಮಾನ್ಯ ರಸ್ತೆಯ ಸವಾರನಿಗೆ ಗಟ್ಟಿ ನೈಲಾನ್ ಮತ್ತು ಅರಾಮಿಡ್ ನೂಲಿನ ಜಾಕೆಟ್‌ಗಳು, ಮೊಣಕೈ ಹಾಗೂ ಭುಜಗಳಿಗೆ ರಕ್ಷಾಕವಚ, ಮೈಕ್ರೋಫೈಬರ್ ಬೂಟುಗಳು ದೊರೆಯುತ್ತವೆ. ಉಜ್ಜುವಿಕೆಯನ್ನು ತಾಳುವ ಶಕ್ತಿಯನ್ನು ಪರೀಕ್ಷಿಸಿ ದರ್ಜೆ ನೀಡುವ ಮಾನದಂಡಗಳೂ ಇವೆ. ದರ್ಜೆ ನೋಡಿ ಒಂದನ್ನೇ ಕೊಂಡು ಸವೆಯುವವರೆಗೆ ಬಳಸಿರಿ. ಚರ್ಮ ಬೇಡವೆಂದು ಬರಿಯ ಅಂಗಿಯಲ್ಲಿ ಹೊರಡುವುದು ವ್ರತವಲ್ಲ, ಪ್ರಮಾದ. ಪಂಚೇಂದ್ರಿಯ ಜೀವಗಳಲ್ಲಿ ನಿಮ್ಮ ಮಗನೂ ಒಬ್ಬ.

ಇನ್ನೊಂದು ಎಚ್ಚರಿಕೆ ಅಗತ್ಯ. ಚರ್ಮವನ್ನು ತ್ಯಜಿಸುವವನು ಚರ್ಮಕಾರನನ್ನು ಕೀಳಾಗಿ ಕಂಡರೆ ಆ ತ್ಯಾಗವೇ ಮಾನಕಷಾಯವಾಗುತ್ತದೆ. ಶರಣ ಹರಳಯ್ಯನವರು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಕನ್ನಡ ನಾಡು ಮರೆತಿಲ್ಲ. ಅಥಣಿಯ ಚಪ್ಪಲಿ ಕುಶಲಿಗಳ ಬೆರಳಿನಲ್ಲಿರುವ ವಿದ್ಯೆ ಸಣ್ಣದಲ್ಲ. ವ್ರತವು ನಮಗೆ ನಾವೇ ಹಾಕಿಕೊಂಡ ಮೇರೆ. ಅನ್ಯರ ಮೇಲೆ ಕೊಡುವ ತೀರ್ಪಲ್ಲ.

ಮುನಿಗಳಿಗೆ ಈರ್ಯಾಸಮಿತಿಯುಂಟು: ಮುಂದಿನ ನೆಲವನ್ನು ನೋಡಿ, ಜೀವವಿಲ್ಲದೆಡೆ ಹೆಜ್ಜೆಯಿಡುವ ನಿಯಮ. ಗೃಹಸ್ಥನ ಬೈಕಿಗೂ ಅದರ ಒಂದಂಶ ಅನ್ವಯಿಸಲಿ. ವೇಗವನ್ನು ತಗ್ಗಿಸಿದವನು ತನ್ನ ಮೈಯನ್ನೂ ದಾರಿಗಡ್ಡ ಬಂದ ನಾಯಿಯನ್ನೂ ಪಾದಚಾರಿಯನ್ನೂ ಒಟ್ಟಿಗೇ ಕಾಯುತ್ತಾನೆ. ಯಾವ ಜಾಕೆಟ್ ತೊಟ್ಟರೂ ಈ ಎಚ್ಚರವಿಲ್ಲದೆ ಹೊರಡಬಾರದು.